ಬಿಚ್ಚುವ ಮೊದಲು ಅಳೆದು ನೋಡುವ ಅಂಗಡಿ: ಚಿಕ್ಕಬಳ್ಳಾಪುರದಲ್ಲಿ ಟೆಂಪ್ರೇಚರ್ ಸೆನ್ಸರ್ ರಿಪೇರಿ

ಚಿಕ್ಕಬಳ್ಳಾಪುರದ ಸುತ್ತಮುತ್ತ ಇರುವವರಿಗೆ ಇದು. ಕಾರಿನ ಟೆಂಪ್ರೇಚರ್ ಸೆನ್ಸರ್, ರೇಡಿಯೇಟರ್ ಫ್ಯಾನ್, ವೈರಿಂಗ್, ಇಂಥ ತೊಂದರೆ ಏನಾದರೂ ಇದ್ದರೆ ಬಿ.ಬಿ. ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಆಟೋ ಎಲೆಕ್ಟ್ರಿಕಲ್ ಶೆಡ್ ಇದೆ, ಅಲ್ಲಿಗೆ ಹೋಗಿ. ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ. ಅರ್ಧ ಯಾಕೆ ಕಟ್ ಮಾಡಿದೆ ಅನ್ನೋದು ಮುಂದೆ ಬರುತ್ತೆ. ಅಂಗಡಿಗೆ ಬೋರ್ಡ್ ಇಲ್ಲ. ಹಿಂದೆ ಇದ್ದದ್ದು ಮಳೆಗಾಳಿಗೆ ಬಿದ್ದುಹೋಯಿತಂತೆ, ಮತ್ತೆ ಹಾಕಿಸಿಲ್ಲ. ಹೆಸರು ಹಾಕಿ ಬರೆಯಲಾ ಅಣ್ಣ ಅಂತ ಕೇಳಿದೆ. "ಬೇಡ ಸಾರ್, ಈಗ್ಲೇ ಗಾಡಿ ನಿಲ್ಸೋಕೆ ಜಾಗ ಇಲ್ಲ" ಎಂದರು. ಹಾಗಾಗಿ ಹೆಸರಿಲ್ಲದ ರಿವ್ಯೂ. ಹಳೇ ಟ್ರ್ಯಾಕ್ಟರ್ ಡೈನಮೋಗಳು ಮುಂದೆ ರಾಶಿ ಬಿದ್ದಿರೋ ಶೆಡ್ ಯಾವುದು ಅಂತ ಅಲ್ಲಿ ಯಾರನ್ನಾದರೂ ಕೇಳಿ, ತೋರಿಸುತ್ತಾರೆ.

ನಮ್ಮದು 2014ರ ಪೆಟ್ರೋಲ್ ಕಾರು. ಕಂಪನಿ ಹೆಸರು ಬೇಡ, ದೂರು ಕಾರಿನ ಮೇಲಲ್ಲ. ಬೆಳಗ್ಗೆ ಕೀ ತಿರುಗಿಸಿದ ತಕ್ಷಣ, ಇಂಜಿನ್ ಇನ್ನೂ ತಣ್ಣಗಿರುವಾಗಲೇ, ಫ್ಯಾನ್ ಜೋರಾಗಿ ತಿರುಗೋಕೆ ಶುರು ಮಾಡುತ್ತಿತ್ತು. ಒಂದೊಂದು ದಿನ ಸುಮ್ನೆ ಇರುತ್ತಿತ್ತು. ಒಂದೊಂದು ದಿನ ಗುಂಡಿಗೆ ಇಳಿದ ಕೂಡಲೇ ಫ್ಯಾನ್ ಬರುತ್ತಿತ್ತು, ಜೊತೆಗೆ ಚೆಕ್ ಇಂಜಿನ್ ಲೈಟ್. ಇಂಜಿನ್ ಹೀಟ್ ಆಗಿದೆ ಅಂತ ಇದರ ಅರ್ಥವಲ್ಲ. ಇಂಜಿನ್ ಕಂಪ್ಯೂಟರಿಗೆ, ಅಂದರೆ ಇಸಿಎಂಗೆ, ಬಿಸಿ ಎಷ್ಟಿದೆ ಅನ್ನೋದೇ ಗೊತ್ತಾಗುತ್ತಿಲ್ಲ ಅಂತ ಅರ್ಥ. ಸೆನ್ಸರಿನಿಂದ ಸುದ್ದಿ ನಿಂತುಹೋದರೆ ಅದು ತನ್ನದೇ ಒಂದು ಲೆಕ್ಕ ಹಿಡಿದು, ಯಾವುದಕ್ಕೂ ಇರಲಿ ಅಂತ ಫ್ಯಾನನ್ನು ಆನ್ ಮಾಡಿಬಿಡುತ್ತೆ. ಇಂಜಿನ್ ಸುಟ್ಟುಹೋಗೋದಕ್ಕಿಂತ ಫ್ಯಾನ್ ಸುಮ್ನೆ ತಿರುಗಿದರೆ ನಷ್ಟ ಕಮ್ಮಿ, ಅಲ್ವಾ.

ಮೊದಲು ಹೋಗಿದ್ದು ಹೈವೇ ಪಕ್ಕದ ಒಂದು ದೊಡ್ಡ ಗ್ಯಾರೇಜಿಗೆ. ಹೆಸರು ಇದಕ್ಕೂ ಬೇಡ. ಎಸಿ ಹಾಕಿದ ರೂಮು, ಕಾಫಿ ಮಷೀನು, ಕೈಯಲ್ಲಿ ಟ್ಯಾಬ್ ಹಿಡಿದ ಹುಡುಗ. ಸ್ಕ್ಯಾನರ್ ಹಾಕಿದರು, ಪಿ0118 ಅಂತ ಕೋಡ್ ಬಂತು, ಸೆನ್ಸರ್ ಹೋಗಿದೆ ಎಂದರು. ಹಾಕಿದರು. ಸ್ಕ್ಯಾನಿಂಗ್, ಸೆನ್ಸರ್, ಕೂಲೆಂಟ್ (ಇಂಜಿನ್ ತಣ್ಣಗಿಡೋ ದ್ರವ), ಲೇಬರ್ ಎಲ್ಲ ಸೇರಿ 2,850 ರೂಪಾಯಿ. ನಾನು ಯಾವಾಗಲೂ ಬಿಚ್ಚಿದ ಹಳೇ ಪಾರ್ಟ್ ಕೇಳಿ ತಗೋತೀನಿ, ಅವತ್ತೂ ತಗೊಂಡು ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಹಾಕಿಕೊಂಡೆ. ಆ ಚಿಕ್ಕ ತುಂಡು ಆಮೇಲೆ ಬಹಳ ಕೆಲಸಕ್ಕೆ ಬಂತು.

ಆ ಕೋಡಿನ ಬಗ್ಗೆ ಒಂದು ಮಾತು. ಸ್ಕ್ಯಾನರಿನಲ್ಲಿ ಪಿ0118 ಬಂದರೆ ಸೆನ್ಸರ್ ಕೆಟ್ಟಿದೆ ಅಂತ ಅಲ್ಲ. ಸೆನ್ಸರ್ ಲೈನಿನಲ್ಲಿ ವೋಲ್ಟೇಜ್ ಇರಬೇಕಾದ್ದಕ್ಕಿಂತ ಜಾಸ್ತಿ ಇದೆ ಅಂತ, ಅಷ್ಟೇ. ಇಸಿಎಂ 5 ವೋಲ್ಟ್ ಕಳಿಸುತ್ತೆ, ಸೆನ್ಸರ್ ಅದನ್ನು ಬಿಸಿಗೆ ತಕ್ಕಂತೆ ಇಳಿಸುತ್ತೆ. ವೈರ್ ತುಂಡಾಗಿದ್ದರೂ, ವೈರನ್ನು ಸೆನ್ಸರಿಗೆ ಸಿಕ್ಕಿಸೋ ಕಪ್ಲರ್ ಸಡಿಲ ಆಗಿದ್ದರೂ, ಪಿನ್ನು ಕಿಲುಬು ಹಿಡಿದಿದ್ದರೂ, ನಿಜವಾಗಿ ಸೆನ್ಸರ್ ಸತ್ತಿದ್ದರೂ ಬರೋದು ಅದೇ ಕೋಡ್. ಪಿ0117 ಇದರ ಉಲ್ಟಾ, ವೋಲ್ಟೇಜ್ ತೀರಾ ಕಮ್ಮಿ, ಅಂದರೆ ಸಾಮಾನ್ಯವಾಗಿ ಎಲ್ಲೋ ಶಾರ್ಟ್. ಕೋಡ್ ನೋಡಿ ಪಾರ್ಟ್ ಬದಲಾಯಿಸೋದು ಸುಲಭ, ಬಿಲ್ ಮಾಡೋದು ಇನ್ನೂ ಸುಲಭ.

ಸೆನ್ಸರ್ ಬದಲಾಯಿಸಿದ ಮೇಲೆ ಫ್ಯಾನ್ ಕಾಟ ಕಮ್ಮಿಯಾಯಿತು, ಪೂರ್ತಿ ಹೋಗಲಿಲ್ಲ. ಹೊಸ ಕಾಟ ಶುರುವಾಯಿತು. ಲೀಟರಿಗೆ 17 ಕಿ.ಮೀ. ಕೊಡುತ್ತಿದ್ದ ಗಾಡಿ 13ಕ್ಕೆ ಇಳಿಯಿತು. ಸೈಲೆನ್ಸರ್ ಹತ್ತಿರ ಪೆಟ್ರೋಲ್ ವಾಸನೆ. ಐಡ್ಲಿಂಗ್ ಇಳಿಯೋದೇ ಇಲ್ಲ. ಟೆಂಪ್ರೇಚರ್ ಮುಳ್ಳು ಮೊದಲು ಅರ್ಧಕ್ಕೆ ಬಂದು ನಿಲ್ಲುತ್ತಿತ್ತು, ಈಗ ಅರ್ಧ ಮುಟ್ಟುತ್ತಲೇ ಇರಲಿಲ್ಲ. ನೋಡಿದವರು "ಒಳ್ಳೇದಲ್ವಾ, ಗಾಡಿ ಕೂಲಾಗಿ ಓಡ್ತಿದೆ" ಎಂದರು. ಆದರೆ ಹೆಬ್ಬಾಳದ ಜಾಮಿನಲ್ಲಿ ಎಸಿ ಆಫ್ ಮಾಡಿ ನಿಂತಾಗ ಬಾನೆಟ್ಟಿನಿಂದ ಬಂದ ಬಿಸಿ, ಆ ವಾಸನೆ ನೋಡಿದರೆ ಕೂಲಾಗಿರೋ ಗಾಡಿ ಅನ್ನಿಸಲಿಲ್ಲ. ಮುಳ್ಳು ಮಾತ್ರ ಕೆಳಗೇ. ಫ್ಯಾನ್ ಇಲ್ಲ. ಎಸಿ ಹಾಕಿದ ಕೂಡಲೇ ಫ್ಯಾನ್ ಬಂತು, ಯಾಕೆಂದರೆ ಎಸಿ ಜೊತೆ ಫ್ಯಾನ್ ಹೇಗೂ ತಿರುಗಬೇಕು. ಅವತ್ತು ಇಂಜಿನ್ ಉಳಿದದ್ದು ಎಸಿಯಿಂದಲೇ.

ಗ್ಯಾರೇಜಿಗೆ ವಾಪಸ್ ಹೋದೆ. ಈ ಸಲ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್) ಹೋಗಿದೆ, ವಾಟರ್ ಪಂಪ್ ನೋಡಬೇಕು, ಹೆಡ್ ಗ್ಯಾಸ್ಕೆಟ್ ಕೂಡ ಇರಬಹುದು ಅಂತ 14 ಸಾವಿರದ ಎಸ್ಟಿಮೇಟ್ ಕೊಟ್ಟರು. ಒಂದನ್ನೂ ಅಳೆದು ನೋಡಿರಲಿಲ್ಲ. ನಮ್ಮ ಭಾವ ಹೂವಿನ ಮಾರ್ಕೆಟ್ಟಿಗೆ ಪಿಕಪ್ ಓಡಿಸುತ್ತಾರೆ. ಅವರು ಎಸ್ಟಿಮೇಟ್ ನೋಡಿ ನಕ್ಕು, ಈ ಶೆಡ್ಡಿಗೆ ಕಳಿಸಿದರು.

ಶೆಡ್ಡಿನ ಅಣ್ಣ ಮೊದಲು ಹೇಳಿದ್ದು "ಗಾಡಿ ರಾತ್ರಿ ಇಲ್ಲೇ ಬಿಟ್ಟೋಗಿ ಸಾರ್, ಬೆಳಗ್ಗೆ ತಣ್ಣಗಿದ್ದಾಗ ನೋಡ್ಬೇಕು" ಅಂತ. ಇದೇ ನನಗೆ ಹಿಡಿಸಿದ್ದು. ತಣ್ಣಗಿರುವ ಇಂಜಿನ್ ಸುಳ್ಳು ಹೇಳೋಕೆ ಆಗಲ್ಲ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಕೂಲೆಂಟಿನ ಬಿಸಿ, ಒಳಗೆ ಎಳೆಯುವ ಗಾಳಿಯ ಬಿಸಿ, ಹೊರಗಿನ ಬಿಸಿ ಮೂರೂ ಹತ್ತಿರ ಹತ್ತಿರ ಒಂದೇ ಇರಬೇಕು. ಸ್ಕ್ಯಾನರಿನಲ್ಲಿ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅರ್ಧ ಉತ್ತರ ಸಿಕ್ಕಿಬಿಡುತ್ತೆ. ಬೆಳಗ್ಗೆ ನೋಡಿದಾಗ ನಮ್ಮದು ಸರಿಯಾಗೇ ಇತ್ತು. ತಣ್ಣಗಿರುವಾಗ ಸೆನ್ಸರ್ ನಿಜ ಹೇಳುತ್ತಿದೆ ಅಂತಾಯಿತು.

ಆಮೇಲೆ ಸ್ಟಾರ್ಟ್ ಮಾಡಿ ಬಿಸಿಯಾಗೋಕೆ ಬಿಟ್ಟರು. ಥರ್ಮೋಸ್ಟಾಟ್ ಕೂತಿರೋ ಅಲ್ಯೂಮಿನಿಯಂ ಮನೆಯ ಮೇಲೆ ಕಪ್ಪು ಇನ್ಸುಲೇಷನ್ ಟೇಪಿನ ತುಂಡು ಅಂಟಿಸಿದರು. ಯಾಕಣ್ಣ ಅಂದರೆ, ಮುಟ್ಟದೆ ಬಿಸಿ ಅಳೆಯೋ ಲೇಸರ್ ಗನ್ನಿಗೆ ಹೊಳೆಯೋ ಲೋಹದ ಬಿಸಿ ಸರಿಯಾಗಿ ಸಿಗಲ್ಲ, ಕಮ್ಮಿ ತೋರಿಸುತ್ತೆ, ಕಪ್ಪು ಟೇಪಿನ ಮೇಲೆ ಹಿಡಿದರೆ ಸರಿ ಬರುತ್ತೆ ಎಂದರು. ನಿಜ ಅದು. ಗನ್ ಅಳೆಯೋದು ಬಿಸಿ ವಸ್ತುವಿನಿಂದ ಹೊರಡೋ ಇನ್‌ಫ್ರಾರೆಡ್ ಕಿರಣವನ್ನು, ಹೊಳೆಯೋ ಮೈಯಿಂದ ಅದು ಕಮ್ಮಿ ಹೊರಡುತ್ತೆ. ದೊಡ್ಡ ದೊಡ್ಡ ವರ್ಕ್‌ಶಾಪಿನಲ್ಲೂ ಇದನ್ನು ಮಾಡಿದ್ದು ನೋಡಿಲ್ಲ. ಗನ್ನಿನಲ್ಲಿ 85 ಬಂತು. ಸ್ಕ್ಯಾನರಿನಲ್ಲಿ ಕೂಲೆಂಟ್ 68. ಹದಿನೇಳು ಡಿಗ್ರಿ ವ್ಯತ್ಯಾಸ! ಇಂಜಿನ್ ಬಿಸಿಯಾಗಿ ಕೂತಿದೆ, ಕಂಪ್ಯೂಟರ್ ಮಾತ್ರ ಇನ್ನೂ ಬೆಳಗಿನ ಚಳಿ ಅಂದುಕೊಂಡು ಪೆಟ್ರೋಲ್ ಜಾಸ್ತಿ ಸುರೀತಾ ಇದೆ. ಮೈಲೇಜ್, ವಾಸನೆ, ಐಡ್ಲಿಂಗ್, ಮುಳ್ಳು, ಬಾರದ ಫ್ಯಾನ್, ಎಲ್ಲಕ್ಕೂ ಉತ್ತರ ಇದೊಂದರಲ್ಲೇ ಇತ್ತು.

ಅಷ್ಟಕ್ಕೇ ಬಿಚ್ಚಲಿಲ್ಲ. ವೈರಿಂಗ್ ನೋಡಬೇಕಲ್ಲ. ಕಪ್ಲರ್ ಕಿತ್ತರು, ಸ್ಕ್ಯಾನರಿನಲ್ಲಿ ಮೈನಸ್ 40 ಬಂತು. ಸೆನ್ಸರೇ ಇಲ್ಲದಿದ್ದರೆ ಸಾಮಾನ್ಯವಾಗಿ ಬರೋದು ಅದೇ, ಚಿಕ್ಕಬಳ್ಳಾಪುರದಲ್ಲಿ ಮೈನಸ್ 40 ಆದರೆ ದ್ರಾಕ್ಷಿ ಗತಿ ಏನು ಅಂತ ಅಣ್ಣ ನಕ್ಕರು. ಕಪ್ಲರಿನ ಎರಡು ಪಿನ್ನಿಗೆ ಒಂದು ತುಂಡು ವೈರ್ ಕೊಟ್ಟು ಸೇರಿಸಿದರು, ರೀಡಿಂಗ್ ನೇರ ಮೇಲಕ್ಕೆ ಹೋಗಿ ಕೂತಿತು. ಎರಡೂ ಸರಿಯಾಗಿ ಬಂದರೆ ಇಸಿಎಂ ಸರಿ ಇದೆ, ಅಲ್ಲಿಂದ ಕಪ್ಲರಿನವರೆಗೆ ವೈರ್ ಸರಿ ಇದೆ ಅಂತ ಲೆಕ್ಕ. ಸೆನ್ಸರ್ ಬದಲಾಯಿಸಿ ಅಂತ ಯಾರಾದರೂ ಹೇಳಿದರೆ ಮೊದಲು ಇದೊಂದು ಟೆಸ್ಟ್ ಮಾಡಿಸಿ. ಎರಡು ಪಿನ್ನಿನ ಸೆನ್ಸರ್ ಇರುವ ಗಾಡಿಯಲ್ಲಿ ಎರಡು ನಿಮಿಷದ ಕೆಲಸ. ಆದರೆ ಯಾವ ಕಪ್ಲರ್ ಅಂತ ಗೊತ್ತಿರುವವರೇ ಮಾಡಬೇಕು, ಬೇರೆ ಯಾವುದೋ ಪಿನ್ನಿಗೆ ವೈರ್ ಕೊಟ್ಟರೆ ಇಸಿಎಂ ಹೋಗಬಹುದು.

ಮತ್ತೆ ಕಪ್ಲರ್ ಹಾಕಿ ಬೆರಳಲ್ಲಿ ಅಲ್ಲಾಡಿಸಿದರು. 68 ಇದ್ದದ್ದು ಮೈನಸ್ 40ಕ್ಕೆ ಹಾರಿತು, ಫ್ಯಾನ್ ಬಂತು, ಮತ್ತೆ 68. ಮೊದಲಿನ ಕಾಯಿಲೆ ಇಲ್ಲಿ ಸಿಕ್ಕಿತು. ರಬ್ಬರ್ ಸರಿಸಿ ನೋಡಿದರೆ ಒಂದು ಪಿನ್ನಿನ ತುಂಬ ಹಸಿರು ಕಿಲುಬು. ಸೆನ್ಸರ್ ಬುಡದಿಂದ ವರ್ಷಗಟ್ಟಲೆ ಒಂದೊಂದು ಹನಿ ಒಸರಿ ಒಳಗೆ ಸೇರಿದೆ. ಗ್ಯಾರೇಜಿನವರು ಆ ಕಿಲುಬಿನ ಮೇಲೇ ಹೊಸ ಸೆನ್ಸರ್ ಸಿಕ್ಕಿಸಿ ಕಳಿಸಿದ್ದರು.

ಹಾಗಾದರೆ ಹಳೇ ಸೆನ್ಸರ್? ಡಬ್ಬಿಯಿಂದ ತೆಗೆದುಕೊಟ್ಟೆ. ಎದುರಿನ ಟೀ ಅಂಗಡಿಯಿಂದ ಕುದಿಯೋ ನೀರು ಒಂದು ಜಗ್ಗಿನಲ್ಲಿ ಬಂತು. ಇಂಜಿನ್ ತಣಿದ ಮೇಲೆ ಬಿಚ್ಚಿದ ಹೊಸದು, ಹಳೇದು ಎರಡಕ್ಕೂ ಪರೀಕ್ಷೆ. ಈ ಸೆನ್ಸರ್ ಅಂದರೆ ದೊಡ್ಡ ಯಂತ್ರ ಏನಲ್ಲ. ಹಿತ್ತಾಳೆ ತುದಿಯ ಒಳಗೆ ಒಂದು ಚೂರು ಥರ್ಮಿಸ್ಟರ್ ಇರುತ್ತೆ. ಬಿಸಿ ಏರಿದಷ್ಟೂ ಅದರ ರೆಸಿಸ್ಟೆನ್ಸ್ ಇಳಿಯುತ್ತೆ. ನಮ್ಮ ಗಾಡಿಯ ಥರದ್ದಕ್ಕೆ 20 ಡಿಗ್ರಿಯಲ್ಲಿ ಎರಡೂವರೆ ಸಾವಿರ ಓಮ್‌ ಆಸುಪಾಸು, 80 ಡಿಗ್ರಿಯಲ್ಲಿ 300ರಿಂದ 350 ಓಮ್. ಮಡಕೆ ನೀರಿನಲ್ಲಿ ಎರಡೂ ಹತ್ತಿರ ಹತ್ತಿರ ಒಂದೇ ತೋರಿಸಿದವು. ಜಗ್ಗಿನ ನೀರು 80ಕ್ಕೆ ಇಳಿದಾಗ ಹಳೇದು 310. ಹೊಸದು 520! ಹಿಂದಿನ ಬಿಲ್ಲಿನಲ್ಲಿ 950 ರೂಪಾಯಿ ಅಂತ ಬರೆದಿದ್ದ ಹೊಸ ಸೆನ್ಸರ್ ಅದು. ಒಳ್ಳೇ ಸೆನ್ಸರ್ ಕಿತ್ತು ಕೆಟ್ಟದ್ದು ಹಾಕಿ, ನಿಜವಾದ ತೊಂದರೆಯನ್ನು ಹಾಗೇ ಬಿಟ್ಟು, ಮೇಲೆ 14 ಸಾವಿರ ಕೇಳಿದ್ದರು.

ಮನೆಯಲ್ಲಿ ಈ ಪರೀಕ್ಷೆ ಮಾಡುವವರಿಗೆ ಒಂದು ಮಾತು, ಥರ್ಮಾಮೀಟರ್ ಇಲ್ಲದೆ ಮಾಡಬೇಡಿ. ಕುದಿಯೋ ನೀರು ಅಂದರೆ 100 ಅಂತ ಎಲ್ಲರೂ ಹಿಡಿಯುತ್ತಾರೆ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಇಲ್ಲಿ ನೀರು 97ರ ಸುತ್ತಲೇ ಕುದಿಯುತ್ತೆ. ಹಾಗಾದರೆ ರೇಡಿಯೇಟರಿನಲ್ಲಿ ಯಾಕೆ ಕುದಿಯಲ್ಲ ಅಂದರೆ, ಮುಚ್ಚಳ ಒತ್ತಡ ಹಿಡಿದಿಟ್ಟುಕೊಳ್ಳುತ್ತೆ, ಕೂಲೆಂಟ್ ಕೂಡ ಕುದಿಯೋ ಬಿಸಿಯನ್ನು ಮೇಲೆ ತಳ್ಳುತ್ತೆ. ಅದಕ್ಕೇ ಬಿಸಿ ಇಂಜಿನ್ನಿನ ಮುಚ್ಚಳ ತೆಗೆಯಬಾರದು. ಒತ್ತಡ ಹೋದ ಕ್ಷಣ ಒಳಗಿನದ್ದೆಲ್ಲ ಕುದ್ದು ಮುಖಕ್ಕೇ ಬರುತ್ತೆ. ಬಟ್ಟೆ ಹಿಡಿದು ತೆಗೀತೀನಿ ಅನ್ನೋರು ಇದ್ದಾರೆ, ಬಟ್ಟೆ ಏನೂ ಕಾಪಾಡಲ್ಲ.

ಅಣ್ಣ ಹಳೇ ಸೆನ್ಸರನ್ನೇ ಹಾಕ್ತೀನಿ ಎಂದರು. ದುಡ್ಡು ಮಾಡುವ ಆಸೆ ಇದ್ದವರು ಹಾಗೆ ಹೇಳಲ್ಲ. ಆದರೆ ತಿರುಗಿಸಿ ನೋಡಿದರೆ ಕಪ್ಲರ್ ಹಿಡಿಯೋ ಪ್ಲಾಸ್ಟಿಕ್ ಲಾಕ್ ಮುರಿದಿತ್ತು, ಬಿಚ್ಚುವಾಗ ಕಟಿಂಗ್ ಪ್ಲೇಯರ್ ಹಾಕಿ ಎಳೆದ ಗುರುತು ಇತ್ತು. ಲಾಕ್ ಇಲ್ಲದಿದ್ದರೆ ಗುಂಡಿ ರಸ್ತೆಯಲ್ಲಿ ಮತ್ತೆ ಅದೇ ಕಥೆ. ಕೊನೆಗೆ ಹೊಸದೇ ಬೇಕಾಯಿತು.

ಪಾರ್ಟ್ಸ್ ಅಂಗಡಿಯಲ್ಲಿ ಮೂರು ಥರ ತೋರಿಸಿದರು. ಡಬ್ಬಿಯೇ ಇಲ್ಲದ, ಪ್ಲಾಸ್ಟಿಕ್ ಕವರಿನದು 180 ರೂಪಾಯಿ. ಬೇರೆ ಬ್ರ್ಯಾಂಡಿನ ಡಬ್ಬಿ ಇರೋದು 420. ಕಾರು ಕಂಪನಿಯ ಒರಿಜಿನಲ್ 690. ಒರಿಜಿನಲ್ ತಗೊಂಡೆ. ಎಲ್ಲದಕ್ಕೂ ಒರಿಜಿನಲ್ಲೇ ಬೇಕು ಅನ್ನೋ ಪಾರ್ಟಿ ನಾನಲ್ಲ. ವೈಪರ್ ಬ್ಲೇಡ್, ಬಲ್ಬ್, ಏರ್ ಫಿಲ್ಟರ್ ಇವಕ್ಕೆ ಬೇರೆ ಬ್ರ್ಯಾಂಡ್ ಸಾಕು. ಸೆನ್ಸರ್ ವಿಷಯ ಬೇರೆ. ಬಲ್ಬ್ ಕೆಟ್ಟರೆ ಉರಿಯಲ್ಲ, ಗೊತ್ತಾಗುತ್ತೆ. ಸೆನ್ಸರ್ ಅರ್ಧ ಕೆಟ್ಟರೆ ಕೆಲಸ ಮಾಡ್ತಾ ಮಾಡ್ತಾನೇ ತಪ್ಪು ಹೇಳುತ್ತೆ, ಎಷ್ಟೋ ಸಲ ಲೈಟೂ ಬರಲ್ಲ, ಕೋಡೂ ಬರಲ್ಲ. ನಮ್ಮ ಗಾಡಿಯ ಕಂಪ್ಯೂಟರ್ 68 ಡಿಗ್ರಿ ನೋಡಿ ಅನುಮಾನ ಪಡಲೇ ಇಲ್ಲ. ಇನ್ನು ಪಾರ್ಟ್ ನಂಬರ್ ನೋಡಿಯೇ ತಗೊಳ್ಳಿ. ಥ್ರೆಡ್ ಒಂದೇ, ಕಪ್ಲರ್ ಒಂದೇ ಇದ್ದರೂ ಒಳಗಿನ ಲೆಕ್ಕ ಬೇರೆ ಇರಬಹುದು, ಕೂತುಬಿಟ್ಟಿತು ಅನ್ನೋ ಕಾರಣಕ್ಕೆ ಅದು ನಿಮ್ಮ ಗಾಡಿಯದ್ದು ಆಗಲ್ಲ. ಒರಿಜಿನಲ್ ಡಬ್ಬಿಯದ್ದನ್ನೂ ಅಣ್ಣ ಹಾಗೇ ಹಾಕಲಿಲ್ಲ, ಅದಕ್ಕೂ ಬಿಸಿನೀರಿನ ಪರೀಕ್ಷೆ ಆಯಿತು. ಪಾಸಾಯಿತು.

ಕೂಲೆಂಟ್ ಇಳಿಸಿದಾಗ ಇನ್ನೊಂದು ಗೊತ್ತಾಯಿತು. ಬಂದದ್ದು ಕೆಂಪು ಮಣ್ಣಿನ ಬಣ್ಣದ ನೀರು. ಗ್ಯಾರೇಜಿನವರು ಕೂಲೆಂಟಿಗೆ ದುಡ್ಡು ಹಾಕಿದ್ದರು, ಒಳಗಿದ್ದದ್ದು ಬಹುಪಾಲು ಬೋರ್ ನೀರು. ನಮ್ಮ ಜಿಲ್ಲೆಯ ಬೋರ್ ನೀರಿನ ಬಗ್ಗೆ ಹೇಳಬೇಕಾಗಿಲ್ಲ. ಸಾವಿರ ಅಡಿ ದಾಟಿದ ಬೋರುಗಳು, ಗಡಸು ನೀರು, ಫ್ಲೋರೈಡ್ ಬೇರೆ. ಮನೆಯ ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟೋದು ನೋಡಿದ್ದೀವಿ. ಅದೇ ಪದರ ರೇಡಿಯೇಟರ್ ನಳಿಗೆಗಳ ಒಳಗೆ, ಸೆನ್ಸರ್ ತುದಿಯ ಮೇಲೆ ಕಟ್ಟುತ್ತೆ. ತುದಿಗೆ ಪದರ ಕಟ್ಟಿದರೆ ಸೆನ್ಸರಿಗೆ ಬಿಸಿ ತಡವಾಗಿ ಮುಟ್ಟುತ್ತೆ. ಇನ್ನು ಬರೀ ನೀರಿನಲ್ಲಿ ತುಕ್ಕು ತಡೆಯೋ ಔಷಧಿ ಇರಲ್ಲ, ಕಬ್ಬಿಣ, ಅಲ್ಯೂಮಿನಿಯಂ ಎರಡನ್ನೂ ತಿನ್ನುತ್ತೆ. ದಾರಿಯಲ್ಲಿ ಬೇರೆ ಗತಿಯಿಲ್ಲದೆ ನೀರು ಹಾಕಿದರೆ ಸರಿ, ಮನೆಗೆ ಬಂದ ಮೇಲೆ ಇಳಿಸಿಬಿಡಿ. ಕಾನ್ಸಂಟ್ರೇಟ್ ಕೂಲೆಂಟ್ ಆದರೆ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ. ಡಬ್ಬಿಯ ಮೇಲೆ ಪ್ರೀಮಿಕ್ಸ್ ಅಂತ ಇದ್ದರೆ ನೀರು ಸೇರಿಸಬೇಡಿ, ಕಂಪನಿಯವರೇ ಸೇರಿಸಿರುತ್ತಾರೆ. ಹಸಿರು, ಕೆಂಪು, ನೀಲಿ ಬಣ್ಣ ನೋಡಿ ಒಂದೇ ಅಂದುಕೊಳ್ಳೋದೂ ತಪ್ಪು, ಬಣ್ಣಕ್ಕೆ ಕಂಪನಿಗಳ ನಡುವೆ ಒಂದೇ ನಿಯಮ ಇಲ್ಲ. ಗಾಡಿಯ ಪುಸ್ತಕದಲ್ಲಿ ಬರೆದಿರೋ ಥರದ್ದೇ ಹಾಕಿ.

ಇಳಿಸಿದ ಕೂಲೆಂಟನ್ನು ಅಣ್ಣ ಮೋರಿಗೆ ಬಿಡಲಿಲ್ಲ, ಒಂದು ಕ್ಯಾನಿಗೆ ಹಿಡಿದು ಮುಚ್ಚಳ ಹಾಕಿದರು. ಇದಕ್ಕೆ ಪ್ರತ್ಯೇಕವಾಗಿ ಮಾರ್ಕ್ಸ್ ಕೊಡಬೇಕು. ಅದರಲ್ಲಿರೋ ಎಥಿಲೀನ್ ಗ್ಲೈಕಾಲ್ ಸಿಹಿ ಇರುತ್ತೆ, ನಾಯಿ ಬೆಕ್ಕು ನೆಕ್ಕಿಬಿಡುತ್ತವೆ, ಸ್ವಲ್ಪ ಹೊಟ್ಟೆಗೆ ಹೋದರೂ ಕಿಡ್ನಿ ಹೋಗಿ ಸಾಯುತ್ತವೆ. ಎಷ್ಟೋ ಗ್ಯಾರೇಜುಗಳ ಮುಂದೆ ಹಸಿರು ನೀರು ನಿಂತಿರೋದು ನೋಡಿದ್ದೀನಿ.

ಹಾಕೋ ಕೆಲಸ ಬೇಗ ಮುಗಿಯಿತು. ಬ್ಯಾಟರಿ ಮೈನಸ್ ಬಿಚ್ಚಿದರು. ಫ್ಲಶ್ ಮಾಡಿದರು. ಹೊಸ ವಾಷರ್ ಜೊತೆ ಸೆನ್ಸರನ್ನು ಮೊದಲು ಕೈಯಲ್ಲೇ ಥ್ರೆಡ್ ಹಿಡಿಸಿ, ಆಮೇಲೆ ಸ್ಪ್ಯಾನರಿನಲ್ಲಿ ಸ್ವಲ್ಪ ಬಿಗಿ. ಬಲ ಹಾಕಿ ಬಿಗಿದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತೆ, ಆಮೇಲೆ 690ರ ಕೆಲಸ ಸಾವಿರಗಟ್ಟಲೆ ಆಗುತ್ತೆ. ಪ್ಲಂಬಿಂಗಿನ ಬಿಳಿ ಟೇಪ್ ಸುತ್ತಲಿಲ್ಲ. ಹಳೇ ಗಾಡಿಗಳಲ್ಲಿ ಮುಳ್ಳಿಗೆ ಅಂತಲೇ ಒಂಟಿ ವೈರಿನ ಸೆನ್ಸರ್ ಬೇರೆ ಇರುತ್ತೆ. ಅದಕ್ಕೆ ಅರ್ತ್ ಸಿಗೋದೇ ಥ್ರೆಡ್ಡಿನಿಂದ, ಟೇಪ್ ಸುತ್ತಿದರೆ ಅರ್ತ್ ಕಟ್ಟಾಗಿ ಮುಳ್ಳು ಏಳದೇ ಇರಬಹುದು. ನಮ್ಮದರಲ್ಲಿ ಎರಡು ಪಿನ್ ಇದೆ, ಆ ತೊಂದರೆ ಇಲ್ಲ. ಟೇಪಿನ ಅವಶ್ಯಕತೆಯೂ ಇಲ್ಲ, ವಾಷರ್ ಸಾಕು. ಕಪ್ಲರನ್ನು ವೈರಿನ ಸಮೇತ ಹೊಸದು ಹಾಕಿದರು. ತಿರುಚಿ ಟೇಪ್ ಸುತ್ತಲಿಲ್ಲ. ಸೋಲ್ಡರ್ ಮಾಡಿ, ಬಿಸಿಗೆ ಕುಗ್ಗೋ ಸ್ಲೀವ್ ಹಾಕಿ, ಲೈಟರ್ ತೋರಿಸಿ ಕೂರಿಸಿದರು.

ಕೂಲೆಂಟ್ ತುಂಬೋಕೆ ಮಾತ್ರ ಸಿಕ್ಕಾಪಟ್ಟೆ ಟೈಮ್ ತಗೊಂಡರು. ಗಾಡಿಯ ಮುಂಭಾಗ ಎತ್ತರಕ್ಕೆ ನಿಲ್ಲಿಸಿ, ತಣ್ಣಗಿರುವಾಗಲೇ ಮುಚ್ಚಳ ತೆಗೆದಿಟ್ಟು, ಹೀಟರ್ ಪೂರ್ತಿ ಹಾಕಿ, ಮೇಲಿನ ಹೋಸ್ ಪೈಪ್ ಹಿಚುಕಿ ಹಿಚುಕಿ ಗುಳ್ಳೆ ತೆಗೆದರು. ಇದು ಸುಮ್ನೆ ಮಾಡೋ ಕೆಲಸ ಅಲ್ಲ. ಸೆನ್ಸರ್ ತುದಿ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಹೇಳುತ್ತೆ. ಅಲ್ಲಿ ಗಾಳಿ ಸಿಕ್ಕಿಕೊಂಡರೆ ಇಂಜಿನ್ ಕುದಿಯುತ್ತಿದ್ದರೂ ಕಮ್ಮಿ ತೋರಿಸಬಹುದು. ಹೊಸ ಸೆನ್ಸರ್ ಹಾಕಿಸಿದ ಮೇಲೂ ಮುಳ್ಳು ಹುಚ್ಚುಹುಚ್ಚಾಗಿ ಆಡುತ್ತಿದ್ದರೆ ಗಾಳಿ ಸಿಕ್ಕಿಕೊಂಡಿದೆಯಾ ಅಂತ ಮೊದಲು ನೋಡಿಸಿ.

ಇದೆಲ್ಲ ನಡೆಯುವಾಗ ಬಾಗೇಪಲ್ಲಿ ಕಡೆಯ ಒಂದು ಟೊಮೆಟೊ ಪಿಕಪ್ ಬಂತು. ಡ್ರೈವರ್ ತೆಲುಗಿನಲ್ಲಿ ಶುರು ಮಾಡಿದ, ಅಣ್ಣ ಕನ್ನಡದಲ್ಲಿ ಉತ್ತರ ಕೊಟ್ಟರು, ಇಬ್ಬರೂ ಅರ್ಧ ದಾರಿಯಲ್ಲಿ ಭಾಷೆ ಬದಲಾಯಿಸಿಕೊಂಡರು, ನಮ್ಮ ಕಡೆ ಮಾಮೂಲಿ. ಗಾಡಿ ಹೀಟ್ ಆಗ್ತಿದೆ, ಥರ್ಮೋಸ್ಟಾಟ್ ಕಿತ್ತು ಬಿಸಾಕಿ, ಫ್ಯಾನ್ ಡೈರೆಕ್ಟ್ ಮಾಡಿಕೊಡಿ, ಅಂದರೆ ಯಾವಾಗಲೂ ತಿರುಗೋ ಹಾಗೆ ವೈರ್ ಕೊಡಿ, ಅನ್ನೋದು ಅವನ ಬೇಡಿಕೆ. ಅಣ್ಣ ಮಾಡಲ್ಲ ಎಂದರು. ಈ ಕಿತ್ತು ಬಿಸಾಕೋ ಚಾಳಿ ನಮ್ಮಲ್ಲಿ ಬಹಳ ಹಳೇದು. ಥರ್ಮೋಸ್ಟಾಟ್ ಇಲ್ಲದಿದ್ದರೆ ಇಂಜಿನ್ ಸರಿಯಾದ ಬಿಸಿಗೆ ಬರೋದೇ ತಡ, ಇಂಧನ ಜಾಸ್ತಿ, ಸವೆತ ಜಾಸ್ತಿ, ಇಂಥ ಕಾರುಗಳಲ್ಲಾದರೆ ಪಿ0128 ಅಂತ ಇನ್ನೊಂದು ಕೋಡ್. ಫ್ಯಾನ್ ಡೈರೆಕ್ಟ್ ಮಾಡಿದರೆ ಮೋಟಾರ್ ಬೇಗ ಹೋಗುತ್ತೆ, ಹೋದದ್ದೂ ಗೊತ್ತಾಗಲ್ಲ. ಆ ಪಿಕಪ್ಪಿನದು ಕೊನೆಗೆ ಬರೀ ರಿಲೇ, ಅಂದರೆ ಕರೆಂಟ್ ಆನ್ ಆಫ್ ಮಾಡೋ ಸ್ವಿಚ್ಚಿನ ತೊಂದರೆ. ಅದನ್ನೂ ಅಳೆದೇ ಹೇಳಿದರು.

ಗಾಡಿ ತಗೊಂಡ ಮೇಲೆ ನನಗೆ ಸಮಾಧಾನ ಆಗಬೇಕಲ್ಲ, ನಂದಿ ಬೆಟ್ಟಕ್ಕೆ ಹತ್ತಿಸಿದೆ. ನಮ್ಮ ಕಡೆ ಕೂಲಿಂಗ್ ಪರೀಕ್ಷೆಗೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಬೆಟ್ಟ 1,478 ಮೀಟರ್ ಎತ್ತರ, ತಿರುವಿನ ಮೇಲೆ ತಿರುವು, ಮೊದಲ ಗೇರು, ಎರಡನೇ ಗೇರಿನಲ್ಲೇ ಏರಬೇಕು. ಇಂಜಿನ್ ಜೋರು, ಎದುರು ಗಾಳಿ ಕಮ್ಮಿ. ಮನೆಯವರು ಪಕ್ಕದಲ್ಲಿ ಕೂತು ಮೊಬೈಲ್ ನೋಡಿ ಲೆಕ್ಕ ಹೇಳುತ್ತಿದ್ದರು. ಎಸಿ ಬೇಕಂತಲೇ ಆಫ್. 97 ದಾಟಿದಾಗ ಫ್ಯಾನ್ ಬಂತು, 92ಕ್ಕೆ ಇಳಿದಾಗ ನಿಂತಿತು, ಮೇಲೆ ಹೋಗುವವರೆಗೂ ಅದೇ ಆಟ. ಮುಳ್ಳು ಅರ್ಧದಲ್ಲಿ ಅಲ್ಲಾಡದೆ ಕೂತಿತ್ತು. ಮೈಲೇಜ್ ಈಗ ಮತ್ತೆ 17ರ ಹತ್ತಿರ.

ಮೊಬೈಲಿನಲ್ಲಿ ನೋಡೋಕೆ ಸ್ಟಿಯರಿಂಗ್ ಕೆಳಗೆ ಸ್ಕ್ಯಾನರ್ ಹಾಕೋ 16 ಪಿನ್ನಿನ ಓಬಿಡಿ ಪೋರ್ಟಿಗೆ ಸಿಕ್ಕಿಸೋ ಚಿಕ್ಕ ಬ್ಲೂಟೂತ್ ಅಡಾಪ್ಟರ್ ಸಾಕು, ಇಎಲ್‌ಎಂ327 ಅಂತ ಹುಡುಕಿದರೆ ಸಿಗುತ್ತೆ. ಆನ್‌ಲೈನಿನಲ್ಲಿ ಕಡಿಮೆ ರೇಟಿಗೆ ಬರೋದರಲ್ಲಿ ನಕಲಿ ಚಿಪ್ಪಿನವೇ ಜಾಸ್ತಿ, ಕೆಲವು ಕನೆಕ್ಟೇ ಆಗಲ್ಲ, ವಾಪಸ್ ಕೊಡೋ ಅವಕಾಶ ಇರೋ ಕಡೆ ತಗೊಳ್ಳಿ. ಕೂಲೆಂಟ್ ಟೆಂಪ್ರೇಚರ್ ನೋಡೋಕೆ, ಕೋಡ್ ಓದೋಕೆ ಸಾಕು, ಅದಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ. ಗಾಡಿ ನಿಲ್ಲಿಸಿ ಹೋಗುವಾಗ ಕಿತ್ತಿಡಿ, ಬ್ಯಾಟರಿ ಕುಡಿಯುತ್ತೆ. ಈಗಿನ ಎಷ್ಟೋ ಸಣ್ಣ ಕಾರುಗಳಲ್ಲಿ ಮುಳ್ಳೇ ಇಲ್ಲ, ನೀಲಿ ಲೈಟು, ಕೆಂಪು ಲೈಟು ಅಷ್ಟೇ. ಕೆಂಪು ಬರುವ ಹೊತ್ತಿಗೆ ತಡವಾಗಿರುತ್ತೆ. ಅಂಥ ಗಾಡಿ ಇರೋರಿಗಂತೂ ಇದು ದಂಡ ಅಲ್ಲ.

ಬಿಲ್ ವಿಷಯಕ್ಕೆ ಬರುತ್ತೇನೆ. ಸೆನ್ಸರ್ 690, ಕಪ್ಲರ್ ಮತ್ತು ವಾಷರ್ 160, ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ 520, ಲೇಬರ್ 600. ಒಟ್ಟು 1,970. ಸ್ಕ್ಯಾನಿಂಗಿಗೆ ಅಂತ ಬೇರೆ ಹಾಕಲಿಲ್ಲ, ನೋಡದೆ ಹೇಗೆ ರಿಪೇರಿ ಮಾಡ್ಲಿ ಸಾರ್ ಎಂದರು. ಲೇಬರ್ 600 ಜಾಸ್ತಿ ಅನ್ನಿಸಿದರೆ ಅವರು ಹಾಕಿದ ಹೊತ್ತು ನೋಡಿ.

ಇನ್ನು ಆ ಅರ್ಧ ಸ್ಟಾರ್. ಫೋನ್ ಎತ್ತಲ್ಲ. ಎತ್ತಲ್ಲ ಅಂದರೆ ಎತ್ತೋದೇ ಇಲ್ಲ, ಗಾಡಿ ಆಯಿತಾ ಅಂತ ಕೇಳೋಕೆ ಹೋಗಿಯೇ ನೋಡಬೇಕು. ಕೂರೋಕೆ ಒಂದು ಹಳೇ ಬಸ್ಸಿನ ಸೀಟು, ಅದರ ಮೇಲೂ ಬ್ಯಾಟರಿ ಇಟ್ಟಿರುತ್ತಾರೆ. ಬಿಲ್ ಅಂದರೆ ನೋಟ್‌ಬುಕ್ಕಿನ ಹಾಳೆ. ಜಿಎಸ್‌ಟಿ ಬಿಲ್ ಬೇಕೇಬೇಕು ಅನ್ನೋರಿಗೆ ಆಗಲ್ಲ, ಫೋನ್‌ಪೇ ಇದೆ. ವಾರಂಟಿ ಇನ್ನೂ ಇರೋ ಗಾಡಿ ಇಲ್ಲಿಗೆ ತರಬೇಡಿ, ಅವರೇ ಕಂಪನಿ ಸರ್ವಿಸಿಗೆ ಕಳಿಸುತ್ತಾರೆ. ಅವಸರ ಇರೋರಿಗೂ ಈ ಜಾಗ ಅಲ್ಲ. ಇವತ್ತು ಕೊಟ್ಟು ಇವತ್ತೇ ಸಂಜೆ ಬೇಕು ಅಂದರೆ ಅಣ್ಣ ಮುಖ ಕೂಡ ಎತ್ತಲ್ಲ.

ಹೋಗೋದಾದರೆ ಸಂಜೆ ಹೋಗಿ ಗಾಡಿ ಬಿಟ್ಟು ಬನ್ನಿ, ಹೇಗೂ ತಣ್ಣಗಾಗಬೇಕು. ಹಳೇ ಪಾರ್ಟ್, ಹಳೇ ಬಿಲ್ ಏನಿದ್ದರೂ ಜೊತೆಗೆ ತಗೊಂಡು ಹೋಗಿ. ಬೆಳಗ್ಗೆ ಒಂಬತ್ತರ ಒಳಗೆ ಮತ್ತೆ ಅಲ್ಲಿ ಇರಿ, ಹತ್ತು ದಾಟಿದರೆ ಮಾರ್ಕೆಟ್ ಮುಗಿಸಿದ ಪಿಕಪ್ಪುಗಳು ಸಾಲಾಗಿ ಬಂದು ನಿಲ್ಲುತ್ತವೆ, ಆಮೇಲೆ ನಿಮ್ಮ ಸರದಿ ಮಧ್ಯಾಹ್ನದ ಮೇಲೇ.